ಎಣ್ಣೆ ಮತ್ತು ನೀರು ಬೇರೆ ಮಾಡುವ, ಬೇಗ ಜಿಡ್ಡು ಹಿಡಿಯದ ಮೆಂಬ್ರೇನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಗುಡ್ಡೆಯ ಬುಡದಲ್ಲಿರುವ ಒಂದು ವಾಹನ ತೊಳೆಯುವ ಶೆಡ್ಡಿನಲ್ಲಿ ನೀರಿನ ಕೆಲಸ ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ತೊಳೆದ ನೀರನ್ನು ಮೆಂಬ್ರೇನ್, ಅಂದರೆ ಬಹಳ ಸಣ್ಣ ತೂತುಗಳಿರುವ ಸೋಸುವ ಪೊರೆ, ಹಾಕಿ ಸೋಸಿ ಮತ್ತೆ ಬಳಸುತ್ತೇವೆ. ಇದನ್ನು ನೋಡಲು ಕುಂಬಳೆ, ಉಪ್ಪಳ, ಮುಳ್ಳೇರಿಯ ಕಡೆಯಿಂದ ಗ್ಯಾರೇಜಿನವರು, ಎಣ್ಣೆ ಮಿಲ್ಲಿನವರು ಬರುತ್ತಾರೆ. ಇಂಜಿನಿಯರಿಂಗ್ ಓದುವ ಮಕ್ಕಳೂ ಬರುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆಗಳು. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಸ್ವಲ್ಪ ಎಣ್ಣೆ ನೀರು ತೋಡಿಗೆ ಹೋದರೆ ಏನಾಗುತ್ತದೆ? ಮಳೆ ಬಂದಾಗ ಕೊಚ್ಚಿಕೊಂಡು ಹೋಗುತ್ತದಲ್ವಾ?

ನಮ್ಮ ಊರಲ್ಲಿ ನೀರು ಕೊಚ್ಚಿಕೊಂಡು ಹೋಗುವುದಕ್ಕಿಂತ ಮೊದಲು ಇಂಗುತ್ತದೆ. ಇಲ್ಲಿನ ಕೆಂಪು ಮುರಕಲ್ಲು ತುಂಬ ತೂತು. ಗುಡ್ಡೆಯ ಮೇಲೆ ಬಿದ್ದ ನೀರು ಆ ತೂತುಗಳಲ್ಲಿ ಇಳಿದು ಕೆಳಗಿನ ಬಾವಿಗೆ, ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗಕ್ಕೆ ಬರುತ್ತದೆ. ಬಾಯಾರು, ಪೆರ್ಲ, ಎಣ್ಮಕಜೆ ಕಡೆ ಇವತ್ತಿಗೂ ಸುರಂಗದ ನೀರನ್ನೇ ಕುಡಿಯುವ ಮನೆಗಳಿವೆ. ಗುಡ್ಡೆಯ ಒಳಗಿಂದ ಹನಿಹನಿಯಾಗಿ ಒಸರುವ ನೀರು ಅದು. ಮೇಲೆ ನಾವು ಏನು ಚೆಲ್ಲುತ್ತೇವೋ ಅದು ಒಂದಲ್ಲ ಒಂದು ದಿನ ಅಲ್ಲಿಗೆ ಹೋಗುತ್ತದೆ.

ಒಂದು ಜೂನ್ ತಿಂಗಳಲ್ಲಿ ನಮ್ಮ ಶೆಡ್ಡಿನ ಕೆಳಗಿನ ಮನೆಯ ಅಜ್ಜಿ ಕೊಡಪಾನದಲ್ಲಿ ನೀರು ತಂದು ನನ್ನ ಮುಂದೆ ಇಟ್ಟರು. "ಇದು ನೋಡಪ್ಪ" ಅಂದರು, ಅಷ್ಟೇ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ ಇತ್ತು. ಕೆಂಪು ಮಣ್ಣಿನ ಊರಲ್ಲಿ ಇಂಥ ಪೊರೆ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದಿಂದಲೂ ಬರುತ್ತದೆ. ಯಾವುದು ಅಂತ ತಿಳಿಯಲು ಒಂದು ಸುಲಭ ದಾರಿ ಉಂಟು. ಕಡ್ಡಿಯಿಂದ ಪೊರೆಯನ್ನು ಕದಡಿ. ಗಾಜಿನ ಚೂರಿನ ಹಾಗೆ ಒಡೆದು ಹಾಗೆಯೇ ನಿಂತರೆ ಅದು ಬ್ಯಾಕ್ಟೀರಿಯಾದ್ದು. ಮತ್ತೆ ಬಂದು ಕೂಡಿಕೊಂಡರೆ ಎಣ್ಣೆ. ನಾನು ತೆಂಗಿನ ಕಡ್ಡಿ ಹಾಕಿ ಎಳೆದೆ. ಕೂಡಿಕೊಂಡಿತು. ನಮ್ಮ ಶೆಡ್ಡಿನ ಎಣ್ಣೆಯೇ ಅದು. ಮೆಂಬ್ರೇನ್ ವಿಷಯಕ್ಕೆ ನಾನು ಕೈ ಹಾಕಿದ್ದು ಆ ದಿನದಿಂದ.

ಎಣ್ಣೆ ಹೇಗೂ ನೀರಿನ ಮೇಲೆ ತೇಲುತ್ತದೆ. ಮೇಲಿಂದ ತೆಗೆದರೆ ಸಾಲದಾ?

ತೇಲುವ ಎಣ್ಣೆಗೆ ಸಾಕು. ತೊಂದರೆ ಕೊಡುವುದು ತೇಲದ ಎಣ್ಣೆ.

ಎಣ್ಣೆಯ ಹನಿ ಎಷ್ಟು ಬೇಗ ಮೇಲೆ ಬರುತ್ತದೆ ಅನ್ನುವುದು ಅದರ ಗಾತ್ರದ ಮೇಲೆ ನಿಂತಿದೆ. ಹನಿಯ ಅಗಲ ಅರ್ಧವಾದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ನೀರಿಗಿಂತ ನೂರಕ್ಕೆ 10ರಷ್ಟು ಹಗುರವಾದ ಎಣ್ಣೆಯ ಲೆಕ್ಕ ಹಿಡಿಯಿರಿ. 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಹನಿ ಒಂದು ಮೀಟರ್ ಆಳದ ತೊಟ್ಟಿಯ ತಳದಿಂದ ಮೇಲೆ ಬರಲು ಸುಮಾರು 12 ನಿಮಿಷ ಸಾಕು. 10 ಮೈಕ್ರಾನ್ ಹನಿಗೆ ಎರಡು ದಿನ ಬೇಕು. 5 ಮೈಕ್ರಾನ್ ಆದರೆ ಏಳೆಂಟು ದಿನ. ಅದೂ ನೀರು ಒಂಚೂರೂ ಅಲುಗಾಡದಿದ್ದರೆ ಮಾತ್ರ.

ಸಣ್ಣ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗಬಹುದಲ್ವಾ ಅಂತ ಕೇಳಬಹುದು. ಗಾಡಿ ತೊಳೆಯುವ ಶ್ಯಾಂಪೂ ಅದಕ್ಕೆ ಬಿಡುವುದಿಲ್ಲ. ಸೋಪಿನ ಅಣುಗಳು ಪ್ರತಿ ಹನಿಯ ಸುತ್ತ ನಿಂತು ಒಂದನ್ನೊಂದು ದೂರ ತಳ್ಳುತ್ತವೆ. ತೆಂಗಿನ ಹಾಲು ನೆನಪು ಮಾಡಿಕೊಳ್ಳಿ. ಅದೂ ನೀರಲ್ಲಿ ಎಣ್ಣೆಯ ಹನಿಗಳೇ. ಅಲ್ಲಿ ಸೋಪಿನ ಕೆಲಸವನ್ನು ಕಾಯಿಯ ಪ್ರೋಟೀನ್ ಮಾಡುತ್ತದೆ. ಹಿಂಡಿದ ಕೂಡಲೇ ಎಣ್ಣೆ ಬೇರೆ, ನೀರು ಬೇರೆ ಆಗುವುದಿಲ್ಲ.

ನಿಮ್ಮ ಶೆಡ್ಡಿನ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ರಾತ್ರಿಯಿಡೀ ಇಡಿ. ಬೆಳಗ್ಗೆ ಮೇಲೊಂದು ಕಪ್ಪು ಗೆರೆ, ತಳದಲ್ಲಿ ಕೆಂಪು ಮಣ್ಣು, ನಡುವೆ ಅಕ್ಕಿ ತೊಳೆದ ನೀರಿನಂಥ ಬಿಳಚು ನೀರು ಕಾಣುತ್ತದೆ. ಮೆಂಬ್ರೇನ್ ಬೇಕಾಗುವುದು ಆ ಬಿಳಚು ನೀರಿಗೆ.

ಮೆಂಬ್ರೇನ್ ಅಂದರೆ ಜರಡಿಯಾ?

ಜರಡಿಯೇ, ಆದರೆ ಬಹಳ ಸಣ್ಣ ಕಣ್ಣಿನದು. ಈ ಕೆಲಸಕ್ಕೆ ಬಳಸುವ ಅಲ್ಟ್ರಾಫಿಲ್ಟ್ರೇಷನ್ ಪೊರೆಯ ತೂತು 0.01ರಿಂದ 0.1 ಮೈಕ್ರಾನ್ ಇರುತ್ತದೆ. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಪೊರೆ ಹಾಳೆಯ ರೂಪದಲ್ಲಿ ಬರುತ್ತದೆ, ಶ್ಯಾವಿಗೆಯಂಥ ಟೊಳ್ಳು ಎಳೆಗಳಾಗಿ ಬರುತ್ತದೆ, ಕೊಳವೆಯಾಗಿಯೂ ಬರುತ್ತದೆ.

ಎಣ್ಣೆ ನೀರಿಗೆ ಇದನ್ನು ಚಹಾ ಸೋಸುವ ಹಾಗೆ ಬಳಸುವುದಿಲ್ಲ. ನೀರನ್ನು ಪೊರೆಯ ಮೇಲೆ ಉಜ್ಜಿಕೊಂಡು ಹೋಗುವ ಹಾಗೆ ಓಡಿಸುತ್ತೇವೆ. ಸ್ವಲ್ಪ ನೀರು ಅಡ್ಡಕ್ಕೆ ತೂತಿನಲ್ಲಿ ಹೊರಬರುತ್ತದೆ. ಉಳಿದದ್ದು ಎಣ್ಣೆಯನ್ನು ಎಳೆದುಕೊಂಡು ತೊಟ್ಟಿಗೆ ವಾಪಸ್ ಹೋಗುತ್ತದೆ.

ಫೌಲಿಂಗ್ ಅನ್ನುತ್ತಾರಲ್ಲ, ಅದೇನು?

ಪೊರೆಗೆ ಜಿಡ್ಡು ಹಿಡಿದು ತೂತು ಕಟ್ಟಿಕೊಳ್ಳುವುದು. ಬರೀ ಮಣ್ಣಾದರೆ ಅಷ್ಟು ಭಯವಿಲ್ಲ. ಮಣ್ಣು ಮೇಲೆ ಕೂತಿರುತ್ತದೆ, ಹಿಂದಿನಿಂದ ನೀರು ತಳ್ಳಿದರೆ ಏಳುತ್ತದೆ. ಎಣ್ಣೆ ಹಾಗಲ್ಲ. ಅದು ಮೆತ್ತಗಿರುವುದರಿಂದ ತನಗಿಂತ ಸಣ್ಣ ತೂತಿನೊಳಗೂ ನುಸುಳುತ್ತದೆ. ಒಳಗೆ ಹೋಗಿ ಗೋಡೆಗೆ ಹರಡಿಕೊಳ್ಳುತ್ತದೆ. ಒಮ್ಮೆ ಗೋಡೆ ಎಣ್ಣೆಮಯವಾದರೆ ಮುಂದಿನ ಹನಿಗೆ ದಾರಿ ಇನ್ನೂ ಸಲೀಸು.

ನಮ್ಮ ಮೊದಲ ಯೂನಿಟ್ ಹಾಳಾದದ್ದು ಹೀಗೆಯೇ. ಮಾರಿದವರು ಎಣ್ಣೆಗೂ ಆಗುತ್ತದೆ ಅಂದಿದ್ದರು. ನಾವು ನಂಬಿ ಹಾಕಿದೆವು. ಮೊದಲ ದಿನ ಒಂದು ಬಕೆಟ್ ತುಂಬಲು ಒಂದು ನಿಮಿಷ. ಹನ್ನೊಂದನೇ ದಿನ ಅದೇ ಬಕೆಟ್ಟಿಗೆ ಏಳು ನಿಮಿಷ. ಒತ್ತಡ ಹೆಚ್ಚಿಸಿದೆವು, ಅದು ಇನ್ನೂ ದೊಡ್ಡ ತಪ್ಪು. ಒತ್ತಡ ಜಾಸ್ತಿಯಾದಷ್ಟೂ ಹನಿ ತೂತಿಗೆ ಬಿಗಿಯಾಗಿ ಕೂತುಕೊಳ್ಳುತ್ತದೆ. ಕೊನೆಗೆ ಬಿಚ್ಚಿ ನೋಡಿದರೆ ಬಿಳಿ ಎಳೆಗಳೆಲ್ಲ ಹಳೇ ಮೇಣದಬತ್ತಿಯ ಹಾಗೆ ಹಳದಿ. ಬೆರಳಲ್ಲಿ ಉಜ್ಜಿದರೆ ಜಾರುತ್ತಿತ್ತು. ಕಾರಣ ಆಮೇಲೆ ಗೊತ್ತಾಯಿತು. ಟಯರಿಗೆ, ಡ್ಯಾಶ್‌ಬೋರ್ಡಿಗೆ ಹಾಕುವ ಸಿಲಿಕೋನ್ ಪಾಲಿಶ್ ಅದೇ ಮೋರಿಗೆ ಬರುತ್ತಿತ್ತು. ಸಿಲಿಕೋನ್ ಎಣ್ಣೆ ಪೊರೆಗೆ ಹಿಡಿದರೆ ಸಾಮಾನ್ಯ ತೊಳೆತಕ್ಕೆ ಬಿಡುವುದೇ ಇಲ್ಲ. ಪಾಲಿಶ್ ಮಾಡುವ ಜಾಗವನ್ನು ಈಗ ಬೇರೆಯೇ ಮಾಡಿದ್ದೇವೆ. ಆ ನೀರು ಮೆಂಬ್ರೇನ್ ಕಡೆ ಬರುವುದಿಲ್ಲ.

ಜಿಡ್ಡು ಹಿಡಿಯದ ಮೆಂಬ್ರೇನಿನಲ್ಲಿ ಹಾಗಾದರೆ ಏನು ವಿಶೇಷ?

ಅಡುಗೆಮನೆಗೆ ಬನ್ನಿ. ಉಪ್ಪಿನಕಾಯಿ ಹಾಕಿದ ಭರಣಿಯನ್ನು ತೊಳೆಯುವುದು ಸುಲಭ. ಅದೇ ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದರೆ ಮೂರು ಸಲ ಸೋಪು ಹಾಕಿದರೂ ಕೈಗೆ ಪಸೆ ತಾಗುತ್ತದೆ. ಭರಣಿಯ ಮೈಗೆ ನೀರು ಅಂದರೆ ಇಷ್ಟ. ನೀರು ಅದರ ಮೇಲೆ ಹರಡಿ ಎಣ್ಣೆಯ ಅಡಿಗೆ ಹೋಗಿ ಎಣ್ಣೆಯನ್ನು ಎತ್ತುತ್ತದೆ. ಪ್ಲಾಸ್ಟಿಕ್ಕಿಗೆ ಎಣ್ಣೆಯೇ ಇಷ್ಟ.

ಮೆಂಬ್ರೇನ್ ಮಾಡುವ ಪಿವಿಡಿಎಫ್, ಪಾಲಿಸಲ್ಫೋನ್‌ನಂಥ ಪ್ಲಾಸ್ಟಿಕ್‌ಗಳು ಗಟ್ಟಿ, ಅಗ್ಗ. ಆದರೆ ಸ್ವಭಾವ ಆ ಡಬ್ಬಿಯದ್ದೇ. ಅವುಗಳ ಮೈಯನ್ನು ಭರಣಿಯ ಹಾಗೆ ಮಾಡುವುದೇ ಈ ವಿದ್ಯೆಯ ತಿರುಳು. ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುವ ವಸ್ತುವನ್ನು ಪೊರೆಯಲ್ಲಿ ಬೆರೆಸುತ್ತಾರೆ, ಇಲ್ಲವೇ ಮೇಲೆ ಲೇಪಿಸುತ್ತಾರೆ. ಆಗ ಪೊರೆಯ ಮೇಲೆ ನೀರಿನದ್ದೇ ಒಂದು ತೆಳು ಪದರ ನಿಲ್ಲುತ್ತದೆ. ಎಣ್ಣೆಯ ಹನಿ ಬಂದರೆ ಅದಕ್ಕೆ ಸಿಗುವುದು ಪ್ಲಾಸ್ಟಿಕ್ ಅಲ್ಲ, ನೀರು. ಅಂಟಲು ಜಾಗವಿಲ್ಲದೆ ಉರುಳಿಕೊಂಡು ಹೋಗುತ್ತದೆ.

ಇದಕ್ಕೆ ಮೀನೇ ಗುರು. 2009ರಲ್ಲಿ ಚೀನಾದ ವಿಜ್ಞಾನಿಗಳು ಕಾರ್ಪ್ ಮೀನಿನ ಹುರುಪೆಯನ್ನು ನೀರಿನೊಳಗೆ ಇಟ್ಟು ಎಣ್ಣೆ ಹನಿ ತಾಗಿಸಿ ನೋಡಿದರು. ನಮ್ಮ ಕಾಟ್ಲಾ, ರೋಹು ಇದೇ ಬಳಗದವು. ಹುರುಪೆಯ ಸಣ್ಣ ಸಣ್ಣ ಉಬ್ಬುತಗ್ಗುಗಳಲ್ಲಿ ನೀರು ಸಿಕ್ಕಿಕೊಂಡಿರುವುದರಿಂದ ಎಣ್ಣೆ ಗುಂಡಗೆ ಮುದ್ದೆಯಾಗಿಯೇ ಉಳಿಯಿತು. ಅದೇ ಹುರುಪೆ ಒಣಗಿದ್ದರೆ ಎಣ್ಣೆ ಹರಡಿಬಿಡುತ್ತದೆ. ಇದರಲ್ಲಿ ನಮಗೂ ಒಂದು ಪಾಠ ಉಂಟು. ಒಣ ಮೆಂಬ್ರೇನಿಗೆ ಎಂದೂ ನೇರವಾಗಿ ಎಣ್ಣೆ ನೀರು ಬಿಡಬಾರದು. ಮೊದಲು ಒಳ್ಳೆಯ ನೀರಲ್ಲಿ ಪೂರ್ತಿ ನೆನೆಸಬೇಕು. 2011ರಲ್ಲಿ ಅದೇ ತಂಡದವರು ಲೋಹದ ಬಲೆಗೆ ನೀರು ಕುಡಿಯುವ ಜೆಲ್ ಹಚ್ಚಿ, ಎಣ್ಣೆ ಮೇಲೆ ನಿಂತು ನೀರು ಮಾತ್ರ ಕೆಳಗೆ ಇಳಿಯುವುದನ್ನು ತೋರಿಸಿದರು.

ಇನ್ನೊಂದು ಉಪಾಯ ನಮ್ಮ ಜಿಲ್ಲೆಯವರಿಗೆ ಕೂಡಲೇ ಅರ್ಥವಾಗುತ್ತದೆ. ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಲ್ಲಿ ಹಗ್ಗ ಇಳಿಬಿಟ್ಟು ಕಲ್ಲುಮ್ಮಕಾಯಿ ಎಂಬ ಚಿಪ್ಪುಮೀನು ಬೆಳೆಸುತ್ತಾರೆ. ಆ ಚಿಪ್ಪು ಒದ್ದೆ ಹಗ್ಗಕ್ಕೂ ಕಲ್ಲಿಗೂ ಹೇಗೆ ಅಷ್ಟು ಗಟ್ಟಿಯಾಗಿ ಅಂಟುತ್ತದೆ? ಅದರ ನಾರಿನಲ್ಲಿರುವ ಒಂದು ಅಂಟು ಪ್ರೋಟೀನಿನಿಂದ. ಅದನ್ನು ನೋಡಿ 2007ರಲ್ಲಿ ಪಾಲಿಡೋಪಮೈನ್ ಎಂಬ ಲೇಪವನ್ನು ಕಂಡುಹಿಡಿದರು. ಯಾವ ಪ್ಲಾಸ್ಟಿಕ್ಕಿಗೂ ಅಂಟುವ, ನೀರನ್ನೂ ಇಷ್ಟಪಡುವ ಲೇಪ ಅದು. ಆದರೆ ಜೋರು ಕಾಸ್ಟಿಕ್ ಸೋಡಾದಲ್ಲಿ ಅದು ಸವೆದು ಹೋಗುತ್ತದೆ.

ಪ್ಲಸ್, ಮೈನಸ್ ಎರಡೂ ಚಾರ್ಜ್ ಇರುವ ಜ್ವಿಟರ್‌ಅಯಾನ್ ಅಣುಗಳನ್ನು ಕೂರಿಸುವುದು ಮತ್ತೊಂದು ದಾರಿ. ನಮ್ಮ ರಕ್ತಕಣದ ಹೊರಮೈಯಲ್ಲಿರುವುದು ಇಂಥದ್ದೇ. ಇವು ನೀರನ್ನು ಬಹಳ ಬಿಗಿಯಾಗಿ ಹಿಡಿಯುತ್ತವೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಜಿಡ್ಡು ಹಿಡಿಯುವುದೇ ಇಲ್ಲ ಅನ್ನುವ ಮೆಂಬ್ರೇನ್ ಇಲ್ಲ. ನಿಧಾನಕ್ಕೆ ಹಿಡಿಯುತ್ತದೆ, ತೊಳೆದರೆ ಬಿಡುತ್ತದೆ. ಅಷ್ಟು ಸಿಕ್ಕಿದರೆ ಅದು ಒಳ್ಳೆಯ ಮೆಂಬ್ರೇನ್.

ಕೆಸುವಿನ ಎಲೆಗೆ ನೀರೇ ಅಂಟುವುದಿಲ್ಲ. ಅಂಥ ಲೇಪ ಹಾಕಿದರೆ ಎಣ್ಣೆ ಮಾತ್ರ ಸೋಸಬಹುದಲ್ವಾ?

ಸೋಸಬಹುದು. 2004ರಲ್ಲಿ ಟೆಫ್ಲಾನ್ ಹಚ್ಚಿದ ಸ್ಟೀಲ್ ಬಲೆಯಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಡೀಸೆಲ್ಲಿನಲ್ಲಿ ಸ್ವಲ್ಪ ನೀರು ಸೇರಿದ್ದರೆ ಅದನ್ನು ತೆಗೆಯಲು ಈ ಗುಣ ಚೆನ್ನ. ತೊಳೆದ ನೀರಿನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ನೀರೇ ಜಾಸ್ತಿ, ಎಣ್ಣೆ ಕಡಿಮೆ. ಭಾರವಾದ ನೀರು ಬಲೆಯ ಮೇಲೆ ಕೂತು ಎಣ್ಣೆಗೆ ದಾರಿ ಬಿಡುವುದಿಲ್ಲ. ಎಣ್ಣೆ ಹೀರಿದ ಬಲೆಗೆ ಕೊಳೆಯೂ ಬೇಗ ಹತ್ತುತ್ತದೆ. ಪತ್ರೊಡೆಗೆ ಎಲೆ ಕೊಯ್ದಾಗ ಒಂದು ಹನಿ ನೀರು, ಒಂದು ಹನಿ ತೆಂಗಿನೆಣ್ಣೆ ಹಾಕಿ ನೋಡಿ. ನೀರು ಉರುಳುತ್ತದೆ, ಎಣ್ಣೆ ಹರಡುತ್ತದೆ.

ತೂತು ದೊಡ್ಡದಿದ್ದರೆ ನೀರು ಜಾಸ್ತಿ ಬರುತ್ತದಲ್ವಾ?

ಮೊದಲ ದಿನ ಬರುತ್ತದೆ. ಆಮೇಲೆ ಹನಿಗಳು ಒಳಗೆ ಹೊಕ್ಕು ಕಟ್ಟಿಕೊಳ್ಳುತ್ತವೆ. ಶ್ಯಾಂಪೂ ಇದ್ದರೆ ಹನಿ ಇನ್ನೂ ಸುಲಭವಾಗಿ ಹಿಗ್ಗಿ ಕುಗ್ಗಿ ನುಗ್ಗುತ್ತದೆ. ನಾನು 0.05 ಮೈಕ್ರಾನಿನ ಆಸುಪಾಸನ್ನೇ ಆರಿಸುತ್ತೇನೆ.

ಸೆರಾಮಿಕ್ ಒಳ್ಳೆಯದಾ, ಪ್ಲಾಸ್ಟಿಕ್ ಒಳ್ಳೆಯದಾ?

ಗುಣಕ್ಕೆ ಸೆರಾಮಿಕ್. ಅಲ್ಯುಮಿನಾ, ಜಿರ್ಕೋನಿಯಾ, ಸಿಲಿಕಾನ್ ಕಾರ್ಬೈಡ್‌ನವು ಸಿಗುತ್ತವೆ. ಹುಟ್ಟಿನಿಂದಲೇ ಭರಣಿಯ ಸ್ವಭಾವ. ಬಿಸಿ, ಆಸಿಡ್, ಕಾಸ್ಟಿಕ್ ಎಲ್ಲ ತಡೆಯುತ್ತವೆ. ಬೆಲೆ ಮಾತ್ರ ಪ್ಲಾಸ್ಟಿಕ್ಕಿನ ಹಲವು ಪಟ್ಟು. ನೀರನ್ನು ಜೋರಾಗಿ ಓಡಿಸಬೇಕಾದ್ದರಿಂದ ಕರೆಂಟೂ ಜಾಸ್ತಿ. ಬಿಸಿ ಇರುವಾಗ ತಣ್ಣೀರು ಬಿಟ್ಟರೆ ಬಿರುಕು ಬಿಡಬಹುದು. ದಿನಕ್ಕೆ ಹತ್ತು ಗಾಡಿ ತೊಳೆಯುವ ಶೆಡ್ಡಿಗೆ ನೀರನ್ನು ಇಷ್ಟಪಡುವ ಹಾಗೆ ಮಾಡಿದ ಪಿವಿಡಿಎಫ್ ಅಥವಾ ಪಿಇಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ ಸಾಕು. ದೊಡ್ಡ ವರ್ಕ್‌ಶಾಪಿನಲ್ಲಿ ಲೋಹ ಕೊರೆಯುವ ಕೂಲೆಂಟ್ ನೀರಿದ್ದರೆ ಸೆರಾಮಿಕ್ ಯೋಚಿಸಿ.

ಎಷ್ಟು ದೊಡ್ಡದು ಬೇಕು ಅಂತ ಲೆಕ್ಕ ಹಾಕುವುದು ಹೇಗೆ?

ದಿನಕ್ಕೆ 10 ಗಾಡಿ, ಗಾಡಿಗೆ 200 ಲೀಟರ್ ಅಂತ ಇಟ್ಟುಕೊಳ್ಳಿ. 2000 ಲೀಟರ್ ಆಯಿತು. ಹತ್ತು ಗಂಟೆ ಓಡಿಸಿದರೆ ಗಂಟೆಗೆ 200 ಲೀಟರ್. ಒಂದು ಚದರ ಮೀಟರ್ ಪೊರೆಯಿಂದ ಗಂಟೆಗೆ 25 ಲೀಟರ್ ಮಾತ್ರ ತೆಗೆಯಿರಿ. ಅಂದರೆ 8 ಚದರ ಮೀಟರ್ ಬೇಕು. ಕ್ಯಾಟಲಾಗಿನಲ್ಲಿ 100, 150 ಅಂತ ಬರೆದಿರುತ್ತದೆ. ಅದು ಶುದ್ಧ ನೀರಿನ ಲೆಕ್ಕ. ಅದನ್ನು ನಂಬಿ ಸಣ್ಣದು ಕೊಂಡರೆ ಪೊರೆಯನ್ನು ಮಿತಿ ಮೀರಿ ಹಿಂಡಬೇಕಾಗುತ್ತದೆ. ಎಣ್ಣೆ ನೀರಿಗೆ ಒಂದು ಹದ ಉಂಟು. ಅದರ ಕೆಳಗೆ ಓಡಿಸಿದರೆ ಜಿಡ್ಡು ಬಹಳ ನಿಧಾನ, ದಾಟಿದರೆ ಸರಸರನೆ ಹಿಡಿಯುತ್ತದೆ. ಒತ್ತಡ ಒಂದು ಬಾರ್ ಒಳಗೇ ಇರಲಿ.

ಮೆಂಬ್ರೇನಿಗಿಂತ ಮೊದಲು ಏನೇನು ಬೇಕು?

ಮಣ್ಣು ಕೂರುವ ಗುಂಡಿ, ಎಣ್ಣೆ ಎತ್ತುವ ತೊಟ್ಟಿ, ಆಮೇಲೆ ಒಂದು ಸಣ್ಣ ಫಿಲ್ಟರ್. ಇದಿಲ್ಲದೆ ಎಷ್ಟು ದುಬಾರಿ ಪೊರೆ ಹಾಕಿದರೂ ದಂಡ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಅದು ಎಣ್ಣೆಯ ಜೊತೆ ಸೇರಿ ಪೊರೆಯ ಮೇಲೆ ಕಾವಿ ಬಣ್ಣದ ಲೇಪದ ಹಾಗೆ ಕೂರುತ್ತದೆ. ಶ್ಯಾಂಪೂ ಕಡಿಮೆ ಬಳಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಹುಡುಗರಿಗೆ ಒಂದು ಅಳತೆಯ ಲೋಟ ಕೊಡಿ.

ತೊಳೆಯುವುದು ಹೇಗೆ, ಯಾವಾಗ?

ದಿನವೂ ಕೆಲಸ ಮುಗಿದ ಮೇಲೆ ಒಳ್ಳೆಯ ನೀರಲ್ಲಿ ಹದಿನೈದು ನಿಮಿಷ ಓಡಿಸಿ. ನಡುನಡುವೆ ಹಿಂದಿನಿಂದ ನೀರು ತಳ್ಳುವ ವ್ಯವಸ್ಥೆ ಇದ್ದರೆ ಅದನ್ನು ತಪ್ಪಿಸಬೇಡಿ.

ನೀರು ಬರುವ ಪ್ರಮಾಣ ಹೊಸದಿದ್ದಾಗಿನದ್ದಕ್ಕಿಂತ ನೂರಕ್ಕೆ 20ರಷ್ಟು ಇಳಿದರೆ ರಾಸಾಯನಿಕ ತೊಳೆತಕ್ಕೆ ಹೊತ್ತಾಯಿತು. ಅರ್ಧಕ್ಕೆ ಇಳಿಯುವ ತನಕ ಕಾಯುವವರು ಜಾಸ್ತಿ. ಅಷ್ಟರಲ್ಲಿ ಜಿಡ್ಡು ಹಳತಾಗಿ ಗಟ್ಟಿಯಾಗಿರುತ್ತದೆ. ಎಣ್ಣೆಗೆ ಕ್ಷಾರ ಬೇಕು, ಕಬ್ಬಿಣಕ್ಕೆ ಹುಳಿ ಬೇಕು. ನಾವು ಮೊದಲು ಉಗುರುಬೆಚ್ಚಗಿನ ನೀರಿಗೆ ಕಾಸ್ಟಿಕ್ ಸೋಡಾ ಮತ್ತು ಮೆಂಬ್ರೇನಿಗೆಂದೇ ಮಾಡಿದ ಡಿಟರ್ಜೆಂಟ್ ಹಾಕಿ ಓಡಿಸುತ್ತೇವೆ. ಆಮೇಲೆ ಚೆನ್ನಾಗಿ ನೀರು. ಆಮೇಲೆ ಸಿಟ್ರಿಕ್ ಆಸಿಡ್. ಸಿಟ್ರಿಕ್ ಹೋದಾಗ ಪೈಪಿನಿಂದ ಚಹಾ ಬಣ್ಣದ ನೀರು ಬರುತ್ತದೆ. ಅದು ನಮ್ಮ ಗುಡ್ಡೆಯ ಕಬ್ಬಿಣ. ಆಸಿಡನ್ನೂ ಬ್ಲೀಚನ್ನೂ ಯಾವತ್ತೂ ಒಟ್ಟಿಗೆ ಹಾಕಬೇಡಿ, ಕ್ಲೋರಿನ್ ಅನಿಲ ಬರುತ್ತದೆ.

ಪೊರೆಯ ಜಾತಿ ನೋಡಿ ಮದ್ದು. ಪಿಇಎಸ್ ಕ್ಷಾರವನ್ನು ಚೆನ್ನಾಗಿ ತಡೆಯುತ್ತದೆ. ಪಿವಿಡಿಎಫ್‌ಗೆ ಜೋರು ಕಾಸ್ಟಿಕ್ ಆಗದು, ಬಣ್ಣ ಕಂದಿ ಪೆಡಸಾಗುತ್ತದೆ. ಸೆಲ್ಯುಲೋಸ್ ಅಸಿಟೇಟ್‌ಗಂತೂ ಕ್ಷಾರ ಬೇಡವೇ ಬೇಡ. ಕೊಳ್ಳುವಾಗಲೇ ಕೇಳಿ: ನಿಮ್ಮ ಲೇಪ ಎಷ್ಟು ಪಿಎಚ್ ತನಕ ಉಳಿಯುತ್ತದೆ, ಎಷ್ಟು ತೊಳೆತ ತಡೆಯುತ್ತದೆ? ಬರಹದಲ್ಲಿ ಕೊಡದಿದ್ದರೆ ಕೊಳ್ಳಬೇಡಿ.

ಓಣಂಗೋ ದೀಪಾವಳಿಗೋ ವಾರಗಟ್ಟಲೆ ಬಾಗಿಲು ಹಾಕುವುದಾದರೆ ಪೊರೆಯನ್ನು ಒಣಗಲು ಬಿಡಬೇಡಿ. ಕಂಪನಿಯವರು ಹೇಳಿದ ದ್ರವದಲ್ಲಿ ಮುಳುಗಿಸಿಡಿ. ಒಣಗಿದರೆ ಸಣ್ಣ ತೂತುಗಳು ಕುಸಿದು ಮುಚ್ಚಿಕೊಳ್ಳುತ್ತವೆ.

ಸೋಸಿದ ನೀರು ಕನ್ನಡಿಯ ಹಾಗಿದೆ. ಕುಡಿಯಬಹುದಾ?

ಬೇಡ. ತೆಂಗಿಗೆ ಬಿಡುವುದಾದರೂ ಪರೀಕ್ಷೆ ಮಾಡಿಸಿ. ಈ ಪೊರೆ ಹನಿಗಳನ್ನು ತಡೆಯುತ್ತದೆ, ಕರಗಿದ್ದನ್ನು ತಡೆಯುವುದಿಲ್ಲ. ಪೆಟ್ರೋಲಿನ ಬೆಂಜೀನ್ ನೀರಲ್ಲಿ ಕರಗುತ್ತದೆ, ಸಲೀಸಾಗಿ ದಾಟಿ ಬರುತ್ತದೆ. ಸೋಪಿನ ಅಂಶವೂ ಬರುತ್ತದೆ. ಎಂಡೋಸಲ್ಫಾನ್ ನಿಲ್ಲುತ್ತದಾ ಅಂತ, ಗೇರು ತೋಟಕ್ಕೆ ಸಿಂಪಡಿಸಿದ ಆ ಕೀಟನಾಶಕದಿಂದ ಸಂಕಟಪಟ್ಟ ಪಡ್ರೆ ಕಡೆಯವರು ಒಬ್ಬರು ಕೇಳಿದರು. ಆ ಊರಿನವರು ಹಾಗೆ ಕೇಳಿದರೆ ಸುಮ್ನೆ ಹಾರಿಕೆಯ ಉತ್ತರ ಕೊಡಲು ಬಾಯಿ ಬರುವುದಿಲ್ಲ. ಮಣ್ಣಿಗೆ ಅಂಟಿದ್ದು ಮಣ್ಣಿನ ಜೊತೆ ನಿಂತೀತು. ನೀರಲ್ಲಿ ಕರಗಿದ ಅಣು ಈ ತೂತಿಗೆ ಬಹಳ ಸಣ್ಣದು, ನಿಲ್ಲುವುದಿಲ್ಲ.

ಹೊರಗೆ ಬಿಡುವ ನೀರಿಗೆ ಪರಿಸರ ಸಂರಕ್ಷಣಾ ನಿಯಮ, 1986ರ ಸಾಮಾನ್ಯ ಮಿತಿ ಇದೆ. ಹೊಳೆ ತೋಡಿಗಾದರೆ ಲೀಟರಿಗೆ 10 ಮಿಲಿಗ್ರಾಂ ಎಣ್ಣೆ ಮತ್ತು ಗ್ರೀಸ್. ಅಂದರೆ 1000 ಲೀಟರ್ ನೀರಿನಲ್ಲಿ ಎರಡು ಚಹಾ ಚಮಚದಷ್ಟು. ಚೆನ್ನಾಗಿ ನಡೆಯುವ ಅಲ್ಟ್ರಾಫಿಲ್ಟ್ರೇಷನ್ ಸಾಮಾನ್ಯವಾಗಿ ಇದರ ಒಳಗೇ ಇರುತ್ತದೆ. ನಾವು ಹೊರಗೆ ಬಿಡುವುದೇ ಇಲ್ಲ, ಮರುದಿನದ ಗಾಡಿಗೆ ಬಳಸುತ್ತೇವೆ.

ತೊಟ್ಟಿಯಲ್ಲಿ ಉಳಿದ ಎಣ್ಣೆಯನ್ನು ಏನು ಮಾಡುವುದು?

ಗೆದ್ದಲು ಹಿಡಿಯದ ಹಾಗೆ ಮಾಡಿನ ಮರದ ಪಕಾಸಿಗೆ ಬಳಿಯುವುದು, ಒಲೆಗೆ ಹಾಕುವುದು ಎರಡೂ ಬೇಡ. ಹಳೇ ಇಂಜಿನ್ ಆಯಿಲ್ ಮತ್ತು ಅದರ ಕೆಸರು 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅನುಮತಿ ಇರುವ ಮರುಬಳಕೆದಾರರಿಗೇ ಕೊಟ್ಟು ರಶೀದಿ ಇಟ್ಟುಕೊಳ್ಳಿ.

ಕೊಬ್ಬರಿ ಎಣ್ಣೆ ಮಿಲ್ಲಿನ, ಹೋಟೆಲಿನ ನೀರಿಗೂ ಆಗುತ್ತದಾ?

ಆಗುತ್ತದೆ, ಒಂದು ಎಚ್ಚರಿಕೆಯೊಂದಿಗೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಧನು ತಿಂಗಳ ಬೆಳಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವ ಹಾಗೆ ಪೊರೆಯ ಮೇಲೂ ಗಟ್ಟಿಯಾಗುತ್ತದೆ. ಬಿಸಿಲು ಏರಿದ ಮೇಲೆ ಓಡಿಸಿ, ಇಲ್ಲವೇ ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿ.

ಮಂಜೇಶ್ವರ ಬಂದರಿನ ಬೋಟುಗಳ ಅಡಿಯಲ್ಲಿ ನಿಲ್ಲುವ ಎಣ್ಣೆ ನೀರಿಗೆ?

ದೊಡ್ಡ ಹಡಗುಗಳಿಗೆ ಅಂತಾರಾಷ್ಟ್ರೀಯ ನಿಯಮವೇ ಇದೆ, ಹೊರಬಿಡುವ ನೀರಿನಲ್ಲಿ ಎಣ್ಣೆ 15 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 15 ಭಾಗ) ದಾಟಬಾರದು. ಸಣ್ಣ ಬೋಟಿನಲ್ಲಿ ಪೊರೆ, ಪಂಪು ಇಟ್ಟು ನೋಡಿಕೊಳ್ಳುವುದು ಕಷ್ಟ. ಆ ನೀರನ್ನು ಡ್ರಮ್ಮಿನಲ್ಲಿ ದಡಕ್ಕೆ ತಂದು, ದಕ್ಕೆಯಲ್ಲಿ ಎಲ್ಲರಿಗೂ ಸೇರಿ ಒಂದು ಯೂನಿಟ್ ಹಾಕುವುದು ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಹಡಗು ಮುಳುಗಿ ಎಣ್ಣೆ ಚೆಲ್ಲಿದರೆ ಸಮುದ್ರದಲ್ಲೂ ಬಳಸಬಹುದಾ?

2025ರ ಮೇ 25ರಂದು ಕೊಚ್ಚಿ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದ ಮೇಲೆ ಇದನ್ನು ತುಂಬ ಜನ ಕೇಳಿದ್ದಾರೆ. ಕಡಲಲ್ಲಿ ಮೊದಲು ಬೇಕಾದ್ದು ಎಣ್ಣೆಯನ್ನು ಸುತ್ತುಗಟ್ಟುವ ತೇಲು ಬೇಲಿ ಮತ್ತು ಮೇಲಿಂದ ಎತ್ತುವ ಯಂತ್ರ. ಎತ್ತಿ ತಂದ ನೀರನ್ನು ದಡದಲ್ಲಿ ಶುದ್ಧ ಮಾಡುವಾಗ ಮೆಂಬ್ರೇನಿಗೆ ಕೆಲಸ.

ಕಾಲೇಜಿನ ಪ್ರಾಜೆಕ್ಟಿಗೆ ಪೊರೆ ಮಾಡಿದ್ದೇವೆ. ಏನೇನು ಅಳೆಯಬೇಕು?

ಎಣ್ಣೆ ಎಷ್ಟು ನಿಂತಿತು ಅನ್ನುವುದನ್ನು ಎಲ್ಲರೂ ಅಳೆಯುತ್ತಾರೆ. ತೊಳೆದ ಮೇಲೆ ಶುದ್ಧ ನೀರಿನ ಹರಿವು ಮೊದಲಿನ ನೂರಕ್ಕೆ ಎಷ್ಟಕ್ಕೆ ವಾಪಸ್ ಬಂತು ಅನ್ನುವುದನ್ನೂ ಬರೆಯಿರಿ, ಅದೂ ಒಂದೇ ಸಲ ಅಲ್ಲ, ಹತ್ತಿಪ್ಪತ್ತು ಸಲ. ಲ್ಯಾಬಿನಲ್ಲಿ ಡೀಸೆಲ್ ಮತ್ತು ಒಂದು ಸೋಪು ಬೆರೆಸಿದ ನೀರಿಗೆ ಎಲ್ಲ ಪೊರೆಯೂ ಚೆನ್ನಾಗಿಯೇ ನಡೆಯುತ್ತದೆ. ನಿಮಗೆ ನಿಜವಾದ ನೀರು ಬೇಕಿದ್ದರೆ ಕ್ಯಾನ್ ತನ್ನಿ ಮಕ್ಕಳೇ, ಕೆಂಪು ಮಣ್ಣು, ಗ್ರೀಸು, ಶ್ಯಾಂಪೂ ಎಲ್ಲ ಸೇರಿದ್ದನ್ನು ನಾನೇ ತುಂಬಿಸಿ ಕೊಡುತ್ತೇನೆ.

ಮಳೆಗಾಲದಲ್ಲಿ ಏನು ಮಾಡುತ್ತೀರಿ?

ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. 50 ಚದರ ಮೀಟರ್ ಜಾಗ ತೆರೆದಿದ್ದರೆ ಅಷ್ಟರಲ್ಲೇ 1,75,000 ಲೀಟರ್ ನೀರು ನಿಮ್ಮ ಗುಂಡಿಗೆ ಬಿತ್ತು. ಗುಂಡಿ ತುಂಬಿ, ವರ್ಷವಿಡೀ ಹಿಡಿದಿಟ್ಟ ಎಣ್ಣೆ ಒಂದೇ ರಾತ್ರಿಯಲ್ಲಿ ತೋಡಿಗೆ ಇಳಿಯುತ್ತದೆ. ಅಜ್ಜಿಯ ಕೊಡಪಾನಕ್ಕೆ ಬಂದದ್ದು ಹಾಗೆಯೇ. ತೊಳೆಯುವ ಜಾಗಕ್ಕೆ ಶೀಟು ಹಾಕಿಸಿ, ಸುತ್ತ ಒಂದು ಅಡಿ ಎತ್ತರದ ಕಟ್ಟೆ ಕಟ್ಟಿಸಿ, ಮಳೆ ನೀರಿಗೆ ಬೇರೆ ಕಣಿ ತೋಡಿಸಿ. ಮೆಂಬ್ರೇನಿಗೆ ದುಡ್ಡು ಕೊಡುವುದು ಆಮೇಲೆ. ಈ ಮೇ ತಿಂಗಳಲ್ಲಿ ಅಜ್ಜಿಯ ಸುರಂಗದ ಬಾಯಿಯಲ್ಲಿ ನಿಂತು ಮತ್ತೆ ತೆಂಗಿನ ಕಡ್ಡಿ ಹಾಕಿ ನೋಡಿದೆ. ಎಳೆಯಲು ಎಣ್ಣೆಯ ಪೊರೆಯೇ ಇರಲಿಲ್ಲ.